ಸಹಿ ಇರುವ ಮೊದಲ ಮುದ್ರಣವನ್ನು ಬೈಂಡ್ ಮಾಡಿಸಬಹುದೇ?

ಹಳೇ ಪ್ರತಿ ಕೊಂಡು, ಬೈಂಡ್ ಮಾಡಿಸಿಟ್ಟರೆ ಮುಂದೆ ಒಳ್ಳೆ ಬೆಲೆ ಬರುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ಬೈಂಡ್ ಮಾಡಿಸಬೇಡಿ. ನಾನು ಮಾಡಿಸಿದ್ದೆ.

ನನ್ನದು ‘ಮೂಕಜ್ಜಿಯ ಕನಸುಗಳು’, 1968ರ ಮೊದಲ ಮುದ್ರಣ. ಬೆಂಗಳೂರಿನ ಅವೆನ್ಯೂ ರೋಡಿನಲ್ಲಿ ಹಳೇ ಪುಸ್ತಕಗಳ ರಾಶಿಯಲ್ಲಿ ಸಿಕ್ಕಿತ್ತು. ಒಳಪುಟದ ತೀರಾ ಕೆಳಗೆ ಶಿವರಾಮ ಕಾರಂತರ ಸಹಿ, ಅದರಡಿ ತಾರೀಕು. ಅದೂ 1968ರದ್ದೇ! ಬೆನ್ನು ಬಿಟ್ಟಿತ್ತು, ಹಾಳೆಗಳು ಕಳಚುತ್ತಿದ್ದವು. ಗಟ್ಟಿಯಾಗಲಿ ಅಂತ ಬೈಂಡರ್ ಕೈಗೆ ಕೊಟ್ಟೆ. ‘ಅಂಚು ಕತ್ತರಿಸಬೇಡಿ’ ಅಂತ ಒಂದು ಮಾತು ಹೇಳಲಿಲ್ಲ.

ಅಲ್ಲಿ ಏನಾಗುತ್ತದೆ ನೋಡಿ. ಮೊದಲು ಹಳೇ ಮುಖಪುಟ ಕಿತ್ತು ಬಿಸಾಡುತ್ತಾರೆ. ಹೊಸದಾಗಿ ಹೊಲಿದಾಗ ಹಾಳೆಗಳು ಏರುಪೇರಾಗುತ್ತವೆ. ಸಮ ಮಾಡಲು ಮೂರೂ ಕಡೆ ಕಟಿಂಗ್ ಮೆಷಿನ್‌ಗೆ ಕೊಡುತ್ತಾರೆ. ಪಠ್ಯಪುಸ್ತಕಕ್ಕೆ ಅದು ಸರಿಯಾದ ಕೆಲಸವೇ, ಅವರ ತಪ್ಪೇನಿಲ್ಲ. ಆದರೆ ನನ್ನ ಪ್ರತಿಯಲ್ಲಿ ಸಹಿಯ ಬಾಲ ಹೋಯಿತು, ತಾರೀಕು ಪೂರ್ತಿ ಹೋಯಿತು. ಸಹಿ ಉಳಿಯಿತಲ್ಲ ಅನ್ನಬಹುದು. ಕಾರಂತರು ಬದುಕಿದ್ದದ್ದು 1997ರವರೆಗೆ. ಅಷ್ಟು ವರ್ಷಗಳಲ್ಲಿ ಯಾವಾಗ ಬೇಕಾದರೂ ಹಾಕಿರಬಹುದಾದ ಸಹಿ ಈಗ ಅದು. ಪುಸ್ತಕ ಬಂದ ವರ್ಷವೇ, ಜ್ಞಾನಪೀಠದ ಹೆಸರು ಅಂಟುವ ಮೊದಲೇ, ಯಾರೋ ಓದುಗರು ಕಾರಂತರ ಮುಂದೆ ಹಿಡಿದ ಪ್ರತಿ ಇದು ಅಂತ ಹೇಳುತ್ತಿದ್ದದ್ದು ಆ ತಾರೀಕು ಒಂದೇ. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಹಾಳೆ ಸಡಿಲವಿದ್ದರೆ ಇರಲಿ. ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ಅಳತೆಗೆ ಸರಿಯಾದ ಪೆಟ್ಟಿಗೆಯಲ್ಲಿ ಮಲಗಿಸಿಡಿ. ಸೆಲ್ಲೋಟೇಪ್ ಮುಟ್ಟಿಸಲೇಬೇಡಿ, ಅದರ ಅಂಟು ಹಳದಿ ಕಲೆಯಾಗಿ ಕಾಗದಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಆಗಾಗ ತೆರೆದು ನೋಡುತ್ತಿರಿ.

ಇನ್ನು ಬೆಲೆ. ಲಾಭಕ್ಕಾಗಿಯೇ ಆದರೆ ಈ ದಾರಿ ಬೇಡ ಅಂತ ನೇರವಾಗಿ ಹೇಳುತ್ತೇನೆ. ಹಳೇ ಕನ್ನಡ ಪುಸ್ತಕ ಮಾರಲು ಹೊರಟಾಗ ಕೊಳ್ಳುವವರನ್ನು ನೀವೇ ಹುಡುಕಬೇಕು. ಆ ಲೇಖಕರನ್ನು ಓದಿ ಇಷ್ಟಪಟ್ಟಿದ್ದರೆ ಮಾತ್ರ ಕೊಳ್ಳಿ.

ಕೊಳ್ಳುವ ಮುಂಚೆ ಮುದ್ರಣದ ವಿವರ ಇರುವ ಪುಟದ ಫೋಟೋ ಕೇಳಿ. ಸಹಿ ಇದ್ದ ಮಾತ್ರಕ್ಕೆ ಮೊದಲ ಮುದ್ರಣ ಆಗುವುದಿಲ್ಲ, ಅಲ್ವಾ? 1968ರದ್ದು ಅಂತ ಕೊಡುವ ಪ್ರತಿಯಲ್ಲಿ ಪ್ರಕಾಶಕರ ವಿಳಾಸಕ್ಕೆ ಆರಂಕಿಯ ಪಿನ್ ಕೋಡ್ ಅಚ್ಚಾಗಿದ್ದರೆ ಅದು ಮರುಮುದ್ರಣ. ಪಿನ್ ಕೋಡ್ ಬಂದದ್ದೇ 1972ರಲ್ಲಿ. ಮುಖಪುಟದಲ್ಲಿ ಜ್ಞಾನಪೀಠದ ಉಲ್ಲೇಖ ಇದ್ದರೂ ಅಷ್ಟೇ, ಅದು 1977ರ ಪ್ರಶಸ್ತಿ. ಬರೀ ಸಹಿಯ ಫೋಟೋ ಕಳಿಸಿ ಉಳಿದದ್ದಕ್ಕೆ ಸಬೂಬು ಹೇಳುವವರ ಹತ್ತಿರ ಕೊಳ್ಳಬೇಡಿ.