ಎಪಿ ಪೋಲ್‌ನಲ್ಲಿ 19, ಕಮಿಟಿ ಪಟ್ಟಿಯಲ್ಲಿ 23: ನಮ್ಮ ಕಾಲೇಜ್ ಟೀಮಿನ ನಿಜವಾದ ರ‍್ಯಾಂಕ್ ಯಾವುದು? ಬೌಲ್ ಆಟ ನೋಡೋಕೆ ದುಡ್ಡು ಹಾಕಬಹುದಾ?

ಎಂ.ಎಸ್.ಗೆ ಹೋದ ಮೊದಲ ವರ್ಷವೇ ನಿಮ್ಮ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ಟೀಮ್ 9 ಗೆದ್ದು 3 ಸೋತಿದೆ, ಎರಡು ಪಟ್ಟಿಯಲ್ಲಿ ಎರಡು ನಂಬರ್ ಕಾಣ್ತಿದೆ. ಪ್ಲೇಆಫ್ (ರಾಷ್ಟ್ರೀಯ ಚಾಂಪಿಯನ್ ಯಾರು ಅಂತ ತೀರ್ಮಾನಿಸೋ ನಾಕೌಟ್) ಬಿಟ್ರೆ ಉಳಿದ ಬೌಲ್‌ಗಳೆಲ್ಲ (ಸೀಸನ್ ಮುಗಿದ ಮೇಲೆ ಆಹ್ವಾನ ಕೊಟ್ಟು ಆಡಿಸೋ ಒಂಟಿ ಪಂದ್ಯಗಳು) ದಂಡ ಅಂತ ರೂಮ್‌ಮೇಟ್ ಬೇರೆ ಹೇಳಿದ್ದಾನೆ. ನಾನೂ ಹೀಗೇ ಎರಡು ಪಟ್ಟಿ ಅಕ್ಕಪಕ್ಕ ಇಟ್ಕೊಂಡು ಕೂತವನೇ. ನೇರವಾಗಿ ಹೇಳ್ತೀನಿ: 'ನಿಜವಾದ ರ‍್ಯಾಂಕ್' ಅಂತ ಒಂದು ಇಲ್ಲವೇ ಇಲ್ಲ. ಎಪಿ ಪೋಲ್ ಅಂದ್ರೆ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 1936ರಿಂದ ನಡೆಸ್ತಿರೋ ಪತ್ರಕರ್ತರ ಮತದಾನ. ಅದರಿಂದ ಯಾವ ಟೀಮೂ ಪ್ಲೇಆಫ್ ಒಳಗೆ ಹೋಗೋದಿಲ್ಲ, ಹೊರಗೂ ಬೀಳೋದಿಲ್ಲ. ಬಾಗಿಲು ತೆಗೆಯೋದು, ಹಾಕೋದು ಪ್ಲೇಆಫ್‌ನ 13 ಜನರ ಆಯ್ಕೆ ಕಮಿಟಿ. ಇದು ಎಷ್ಟರ ಮಟ್ಟಿಗೆ ನಿಜ ಅಂತ ತಿಳೀಬೇಕಾದ್ರೆ 2023ರ ಫ್ಲೋರಿಡಾ ಸ್ಟೇಟ್ ಕಥೆ ಕೇಳಿ.

ಆ ವರ್ಷ ಪ್ಲೇಆಫ್‌ನಲ್ಲಿ ಇದ್ದದ್ದು ನಾಲ್ಕೇ ಜಾಗ. ಫ್ಲೋರಿಡಾ ಸ್ಟೇಟ್ ಒಂದೂ ಸೋಲದೆ ಬರ್ತಿತ್ತು. ನವೆಂಬರ್ 18ರಂದು ನಾರ್ತ್ ಅಲಬಾಮಾ ವಿರುದ್ಧ ಅವರ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸೋ ಮುಖ್ಯ ಆಟಗಾರ) ಜೋರ್ಡನ್ ಟ್ರಾವಿಸ್ ಕಾಲು ಮುರೀತು. ಮುಂದಿನ ವಾರ ಎರಡನೇ ಆಯ್ಕೆಯ ಟೇಟ್ ರೋಡ್‌ಮೇಕರ್ ಆಡಿ ಫ್ಲೋರಿಡಾ ವಿರುದ್ಧ 24-15ರಲ್ಲಿ ಗೆಲ್ಲಿಸಿದ, ಆದರೆ ತಲೆಗೆ ಪೆಟ್ಟು ಮಾಡ್ಕೊಂಡ. ಅವರ ಕಾನ್ಫರೆನ್ಸ್ (ಯೂನಿವರ್ಸಿಟಿಗಳ ಲೀಗ್) ಎಸಿಸಿಯ ಫೈನಲ್‌ಗೆ ಇಳಿದವನು ಮೊದಲ ವರ್ಷದ ಹುಡುಗ ಬ್ರಾಕ್ ಗ್ಲೆನ್. ಡಿಫೆನ್ಸ್ ಬಲದ ಮೇಲೆ ಲೂಯಿವಿಲ್ ವಿರುದ್ಧ 16-6 ಗೆಲುವು. 13-0, ಕಾನ್ಫರೆನ್ಸ್ ಚಾಂಪಿಯನ್. ಹಿಂದಿನ ಮಂಗಳವಾರದ ಕಮಿಟಿ ಪಟ್ಟಿಯಲ್ಲಿ ಅವರು ನಾಲ್ಕನೆಯವರು. ಈ ಫೈನಲ್ ನಡೆದ ದಿನವೇ ಮೊದಲನೇ ಸ್ಥಾನದ ಜಾರ್ಜಿಯಾ ಅಲಬಾಮಾಗೆ 27-24ರಲ್ಲಿ ಸೋತಿತ್ತು. ನಾಲ್ಕನೆಯವರು ಗೆದ್ದಿದ್ದಾರೆ, ಒಂದನೆಯವರು ಸೋತಿದ್ದಾರೆ, ಇನ್ನೇನು, ಮೂರಕ್ಕೆ ಏರ್ತಾರೆ ಅನ್ನೋದು ಎಲ್ಲರ ಲೆಕ್ಕ.

ಡಿಸೆಂಬರ್ 3ರ ಭಾನುವಾರ ಬಂದ ಪಟ್ಟಿ: ಮಿಷಿಗನ್, ವಾಷಿಂಗ್ಟನ್, ಟೆಕ್ಸಸ್, ಅಲಬಾಮಾ. ಐದನೆಯದು ಫ್ಲೋರಿಡಾ ಸ್ಟೇಟ್. ಹಿಂದಿನ ವಾರ ಏಳು, ಎಂಟರಲ್ಲಿದ್ದ, ಒಂದೊಂದು ಸೋಲು ಕಂಡಿದ್ದ ಎರಡು ಟೀಮ್‌ಗಳು ಅವರನ್ನ ದಾಟಿ ಹೋದವು. ಅದೇ ದಿನದ ಎಪಿ ಪೋಲ್ ನೋಡಿದ್ರೆ ಫ್ಲೋರಿಡಾ ಸ್ಟೇಟ್ ನಾಲ್ಕು, ಅಲಬಾಮಾ ಐದು! ಪತ್ರಕರ್ತರ ಪಟ್ಟಿಯಲ್ಲಿ ಒಳಗೆ, ಕಮಿಟಿ ಪಟ್ಟಿಯಲ್ಲಿ ಹೊರಗೆ. ದೊಡ್ಡ ಐದು ಕಾನ್ಫರೆನ್ಸ್‌ಗಳ ಚಾಂಪಿಯನ್ ಒಂದೂ ಸೋಲದೆ ಹೊರಗುಳಿದದ್ದು ನಾಲ್ಕು ಟೀಮ್‌ಗಳ ಪ್ಲೇಆಫ್ ಕಾಲದಲ್ಲಿ ಅದೊಂದೇ ಸಲ.

ಆವತ್ತು ಅಭಿಮಾನಿಗಳ ಲೆಕ್ಕ ತಪ್ಪಿದ್ದೆಲ್ಲಿ? ಇದನ್ನ ಸ್ವಲ್ಪ ಉದ್ದವಾಗಿಯೇ ಹೇಳ್ತೀನಿ, ಯಾಕಂದ್ರೆ ನೀವೂ ಈಗ ಅದನ್ನೇ ಮಾಡ್ತಿದ್ದೀರಿ. ಐಪಿಎಲ್ ಪಾಯಿಂಟ್ಸ್ ಟೇಬಲ್ ಥರ ಈ ಪಟ್ಟಿಯೂ ವಾರದಿಂದ ವಾರಕ್ಕೆ ಮುಂದುವರಿಯುತ್ತೆ, ಗೆದ್ದವನು ಇದ್ದಲ್ಲೇ ಇರ್ತಾನೆ ಅಂದ್ಕೊಂಡ್ರು. ಕಮಿಟಿಗೆ ಹೋದ ವಾರದ ಪಟ್ಟಿ ಲೆಕ್ಕಕ್ಕೇ ಇಲ್ಲ. ಪ್ರತಿ ಸಲ ಖಾಲಿ ಹಾಳೆಯಿಂದ ಶುರು. ಒಬ್ಬೊಬ್ಬ ಸದಸ್ಯರೂ ತಮಗೆ ಕಂಡ ಅತ್ಯುತ್ತಮ 30 ಟೀಮ್‌ಗಳ ಹೆಸರು ಬರೀತಾರೆ, ಕ್ರಮ ಇಲ್ಲದೆ. ಮೂವರಾದರೂ ಬರೆದ ಹೆಸರು ಮಾತ್ರ ಚರ್ಚೆಗೆ ಉಳಿಯುತ್ತೆ. ಆಮೇಲೆ ಎಲ್ಲರೂ ಆರು ಟೀಮ್ ಆರಿಸ್ತಾರೆ, ಹೆಚ್ಚು ಮತ ಬಿದ್ದ ಆರು ಮೇಜಿನ ಮೇಲೆ ಬರ್ತವೆ. ಆ ಆರಕ್ಕೆ ಒಂದರಿಂದ ಆರರವರೆಗೆ ಅಂಕ ಕೊಡ್ತಾರೆ. ಒಂದು ಅಂದ್ರೆ ಅತ್ಯುತ್ತಮ, ಹಾಗಾಗಿ ಕಡಿಮೆ ಮೊತ್ತ ಬಂದ ಮೂರು ಟೀಮ್‌ಗಳಿಗೆ ಮೊದಲ ಮೂರು ಸ್ಥಾನ. ಉಳಿದ ಮೂರು ಮುಂದಿನ ಸುತ್ತಿಗೆ, ಅವುಗಳ ಜೊತೆಗೆ ಹೊಸ ಮೂರು. ಹೀಗೆ 25 ತುಂಬೋ ತನಕ. ತನ್ನದೇ ಯೂನಿವರ್ಸಿಟಿಯ ಚರ್ಚೆ ಬಂದಾಗ ಆ ಸದಸ್ಯರು ಎದ್ದು ಹೊರಗೆ ಹೋಗಬೇಕು.

ಇನ್ನು ಅಂಕ ಕೊಡುವಾಗ ಏನು ನೋಡಬೇಕು ಅಂತ ಅವರ ನಿಯಮಾವಳಿಯಲ್ಲೇ ಇದೆ: ಎದುರಾಳಿಗಳ ಮಟ್ಟ, ಪರಸ್ಪರ ಆಡಿದ್ದರೆ ಅದರ ಫಲಿತಾಂಶ, ಸಮಾನ ಎದುರಾಳಿಗಳ ವಿರುದ್ಧ ಸಾಧನೆ, ಕಾನ್ಫರೆನ್ಸ್ ಚಾಂಪಿಯನ್‌ಷಿಪ್. ಕೊನೆಗೊಂದು ಸಾಲು: ಮುಖ್ಯ ಆಟಗಾರರು ಅಥವಾ ಕೋಚ್ ಲಭ್ಯ ಇಲ್ಲದಿದ್ದರೆ, ಅದು ಮುಂದಿನ ಪ್ಲೇಆಫ್ ಆಟದ ಮೇಲೆ ಪರಿಣಾಮ ಬೀರೋ ಹಾಗಿದ್ದರೆ, ಅದನ್ನೂ ಪರಿಗಣಿಸಬಹುದು. ಟ್ರಾವಿಸ್ ಕಾಲು ಮುರಿದ ದಿನವೇ ಈ ಸಾಲು ಜೀವ ಪಡೀತು. ಅಭಿಮಾನಿಗಳು 13-0 ಅನ್ನೋ ಅಂಕಿ ನೋಡ್ತಿದ್ರು, ಕಮಿಟಿ ಮೂರನೇ ಕ್ವಾರ್ಟರ್‌ಬ್ಯಾಕ್ ನೋಡ್ತಿತ್ತು. ಅಲಬಾಮಾವನ್ನ ಮೇಲಕ್ಕೆ ತಂದರೆ ಸೆಪ್ಟೆಂಬರ್‌ನಲ್ಲಿ ಅದರ ಅಂಗಳದಲ್ಲೇ 34-24ರಲ್ಲಿ ಸೋಲಿಸಿದ ಟೆಕ್ಸಸ್ ಅದಕ್ಕಿಂತ ಮೇಲೆ ಬರಲೇಬೇಕು. ಒಂದನ್ನ ಎಳೆದರೆ ಇನ್ನೊಂದು ಜೊತೆಗೇ ಬರುತ್ತೆ. ಏಳು, ಎಂಟು ಒಟ್ಟಿಗೆ ಹಾರಿದ್ದು ಹಾಗೆ.

ನನ್ನ ಮಟ್ಟಿಗೆ ಅದು ಅನ್ಯಾಯವೇ. ಕಾಲು ಮುರಿದ ಮೇಲೂ ಎರಡು ಪಂದ್ಯ ಗೆದ್ದವರನ್ನ ಮುಂದೆ ಸೋಲಬಹುದು ಅಂತ ಹೊರಗಿಡೋದಾದ್ರೆ ಪಂದ್ಯ ಆಡಿಸೋದು ಯಾಕೆ? ಆದರೆ ನಿಯಮದ ಪ್ರಕಾರ ಅದು ಅವರ ಅಧಿಕಾರದೊಳಗೇ ಇತ್ತು. ಈ ಎರಡೂ ಒಟ್ಟಿಗೆ ನಿಜ.

ಮುಂದೆ ನಡೆದದ್ದು ನಿಮ್ಮ ಬೌಲ್ ಪ್ರಶ್ನೆಗೆ ನೇರ ಸಂಬಂಧ. ಫ್ಲೋರಿಡಾ ಸ್ಟೇಟ್‌ಗೆ ಆರೆಂಜ್ ಬೌಲ್ ಸಿಕ್ತು, ಎದುರಿಗೆ ಆರನೇ ಸ್ಥಾನದ ಜಾರ್ಜಿಯಾ. ಕಾಗದದ ಮೇಲೆ ಐದು-ಆರರ ಕಾಳಗ. ರೋಡ್‌ಮೇಕರ್ ಟ್ರಾನ್ಸ್‌ಫರ್ ಪೋರ್ಟಲ್ (ಬೇರೆ ಯೂನಿವರ್ಸಿಟಿಗೆ ಹೊರಟ ಆಟಗಾರರ ಪಟ್ಟಿ) ಸೇರಿದ್ದ. ಕಿಯಾನ್ ಕೋಲ್ಮನ್, ಟ್ರೇ ಬೆನ್ಸನ್, ಜ್ಯಾರೆಡ್ ವರ್ಸ್ ಎನ್‌ಎಫ್‌ಎಲ್ ಡ್ರಾಫ್ಟ್ (ವೃತ್ತಿಪರ ಲೀಗ್‌ಗೆ ಆಟಗಾರರ ಆಯ್ಕೆ) ನೋಡ್ಕೊಂಡು ಆಡಲಿಲ್ಲ. ಒಟ್ಟು 20ಕ್ಕೂ ಹೆಚ್ಚು ಆಟಗಾರರು ಇರಲಿಲ್ಲ. ಡಿಸೆಂಬರ್ 30ರಂದು ಜಾರ್ಜಿಯಾ 63, ಫ್ಲೋರಿಡಾ ಸ್ಟೇಟ್ 3. ಬೌಲ್ ಇತಿಹಾಸದಲ್ಲೇ ಅತಿ ದೊಡ್ಡ ಅಂತರ. ಕಮಿಟಿ ಸರಿ ಅಂತ ಇದರಿಂದ ಸಾಬೀತಾಯ್ತು ಅನ್ನೋರ ಜೊತೆ ನಾನು ವಾದಕ್ಕೇ ಹೋಗಲ್ಲ. ಆವತ್ತು ಮೈದಾನಕ್ಕೆ ಇಳಿದದ್ದು 13-0 ಮಾಡಿದ ಟೀಮ್ ಅಲ್ಲವೇ ಅಲ್ಲ.

ಎಪಿ ಪೋಲ್ ನಂಬೋದಾದ್ರೆ ಮರುವರ್ಷವನ್ನೂ ನೋಡಿಬಿಡಿ. 2024ರ ಸೀಸನ್ ಶುರುವಾಗೋ ಮುಂಚೆ ಅದೇ ಫ್ಲೋರಿಡಾ ಸ್ಟೇಟ್ ಎಪಿಯಲ್ಲಿ 10ನೇ ಸ್ಥಾನ. ಡಬ್ಲಿನ್‌ನಲ್ಲಿ ಮೊದಲ ಪಂದ್ಯದಲ್ಲೇ ಜಾರ್ಜಿಯಾ ಟೆಕ್‌ಗೆ 24-21ರಲ್ಲಿ ಸೋಲು, ವರ್ಷ ಮುಗಿದಾಗ 2-10. ಆಗಸ್ಟ್ ತಿಂಗಳ ಪಟ್ಟಿ ಬರೀ ಊಹೆ.

ಈಗ ನಿಮ್ಮ 19, 23. ಎಪಿಯಲ್ಲಿ 60ಕ್ಕೂ ಹೆಚ್ಚು ಪತ್ರಕರ್ತರು ಮತ ಹಾಕ್ತಾರೆ. ಮೊದಲ ಸ್ಥಾನಕ್ಕೆ 25 ಅಂಕ, ಎರಡಕ್ಕೆ 24, ಹೀಗೆ ಇಳಿದು 25ನೇ ಸ್ಥಾನಕ್ಕೆ 1. ಲೆಕ್ಕಕ್ಕೆ 60 ಮತದಾರರು ಅಂತ ಇಟ್ಕೊಳ್ಳಿ. 30 ಜನ ನಿಮ್ಮ ಟೀಮನ್ನ 20ರಲ್ಲಿ ಇಟ್ರು, ಉಳಿದ 30 ಜನ ಪಟ್ಟಿಯಲ್ಲೇ ಸೇರಿಸಲಿಲ್ಲ: 30 ಗುಣಿಸು 6, ಒಟ್ಟು 180. ಇನ್ನೊಂದು ಟೀಮನ್ನ 60 ಜನವೂ 23ರಲ್ಲಿ ಇಟ್ರು: 60 ಗುಣಿಸು 3, ಅದೂ 180. ಅರ್ಧ ಜನಕ್ಕೆ ಬೇಡವಾದ ಟೀಮ್, ಎಲ್ಲರಿಗೂ ಪರವಾಗಿಲ್ಲ ಅನಿಸಿದ ಟೀಮ್, ಎರಡೂ ಒಂದೇ ಸ್ಥಾನದಲ್ಲಿ. ಹಾಗಾಗಿ 18ರಿಂದ ಕೆಳಗೆ ಸ್ಥಾನ ನೋಡಬೇಡಿ, ಪಕ್ಕದ ಅಂಕ ನೋಡಿ. ನಾಲ್ಕು ಸ್ಥಾನದ ಅಂತರ ಅನ್ನೋದು ಎಷ್ಟೋ ಸಲ ಬೆರಳೆಣಿಕೆಯ ಮತಗಳ ವ್ಯತ್ಯಾಸ.

ಪ್ಲೇಆಫ್ 2024ರಿಂದ 12 ಟೀಮ್‌ಗಳಿಗೆ ಏರಿದೆ. 2024, 2025ರಲ್ಲಿ ಅತಿ ಮೇಲಿದ್ದ ಐದು ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಜಾಗ ಖಾತ್ರಿ ಇತ್ತು, ಉಳಿದ ಏಳು ಪಟ್ಟಿಯ ಪ್ರಕಾರ. ಮೊದಲ ವರ್ಷ ನೇರ ಕ್ವಾರ್ಟರ್ ಫೈನಲ್ ಚಾಂಪಿಯನ್‌ಗಳಿಗೆ ಮಾತ್ರ ಇತ್ತು. ಕಮಿಟಿ ಪಟ್ಟಿಯಲ್ಲಿ 9ನೇ ಸ್ಥಾನದ ಬಾಯ್ಸಿ ಸ್ಟೇಟ್‌ಗೆ ಮೂರನೇ ಸೀಡ್, 12ನೇ ಸ್ಥಾನದ ಅರಿಜೋನಾ ಸ್ಟೇಟ್‌ಗೆ ನಾಲ್ಕನೇ ಸೀಡ್ ಸಿಕ್ಕಿತ್ತು. ಹಾಗೆ ನೇರ ಹೋದ ನಾಲ್ಕೂ ಟೀಮ್ ಸೋತವು, ಅದು ಬೇರೆ ಮಾತು. 2025ರಿಂದ ಪಟ್ಟಿಯ ಮೊದಲ ನಾಲ್ವರಿಗೇ ಆ ಸೌಲಭ್ಯ. ಖಾಲಿ ಹಾಳೆ ಮಾತ್ರ ಬದಲಾಗಿಲ್ಲ. 2025ರ ಕೊನೆಯ ವಾರಾಂತ್ಯ ನೋಟ್ರ ಡೇಮ್ ಆಡಲಿಲ್ಲ, ಮಯಾಮಿಯೂ ಆಡಲಿಲ್ಲ. ಮೊದಲಿನ ಪಟ್ಟಿಯಲ್ಲಿ ನೋಟ್ರ ಡೇಮ್ 10, ಬಿವೈಯು (ಬ್ರಿಗಮ್ ಯಂಗ್ ಯೂನಿವರ್ಸಿಟಿ) 11, ಮಯಾಮಿ 12. ನಡುವಿದ್ದ ಬಿವೈಯು ಟೆಕ್ಸಸ್ ಟೆಕ್‌ಗೆ 34-7ರಲ್ಲಿ ಸೋತು ಕೆಳಗಿಳಿದದ್ದೇ ತಡ, ಇವೆರಡು ಅಕ್ಕಪಕ್ಕ ಬಂದವು. ಆಗಸ್ಟ್‌ನಲ್ಲಿ ಮಯಾಮಿ ನೋಟ್ರ ಡೇಮನ್ನ 27-24ರಲ್ಲಿ ಸೋಲಿಸಿದ್ದು ಲೆಕ್ಕಕ್ಕೆ ಬಂತು. ಮಯಾಮಿ 10, ನೋಟ್ರ ಡೇಮ್ 11. ಪಟ್ಟಿಯಲ್ಲಿ ಕೆಳಗಿದ್ದ ಚಾಂಪಿಯನ್‌ಗಳಿಗೂ ಜಾಗ ಖಾತ್ರಿ ಇದ್ದದ್ದರಿಂದ ನೋಟ್ರ ಡೇಮ್ ಹೊರಗೆ. ಸಿಟ್ಟಿಗೆ ಅವರು ಬೇರೆ ಬೌಲ್‌ನ ಆಹ್ವಾನವನ್ನೂ ಬೇಡ ಅಂದ್ರು. ಮಯಾಮಿ ಫೈನಲ್ ತನಕ ಹೋಯ್ತು.

ಚಾಂಪಿಯನ್ ಆಗದೆ 23ನೇ ಸ್ಥಾನದಲ್ಲಿರೋ ನಿಮಗೆ ಇದ್ಯಾವುದೂ ಅನ್ವಯಿಸಲ್ಲ. ನೀವು ಪ್ಲೇಆಫ್‌ನಲ್ಲಿ ಇಲ್ಲ, ಅಷ್ಟೆ. ನಿಮಗೆ ಯಾವ ಬೌಲ್ ಅನ್ನೋದನ್ನ ತೀರ್ಮಾನಿಸೋದು ಕಾನ್ಫರೆನ್ಸ್‌ಗಳ ಒಪ್ಪಂದ. ಒರ್ಲಾಂಡೋದ ಸಿಟ್ರಸ್ ಬೌಲ್‌ಗೆ ಬಿಗ್ ಟೆನ್ ಮತ್ತು ಎಸ್‌ಇಸಿ ಕಾನ್ಫರೆನ್ಸ್‌ಗಳ ಟೀಮ್‌ಗಳು, ಅದೇ ಊರಿನ ಪಾಪ್-ಟಾರ್ಟ್ಸ್ ಬೌಲ್‌ಗೆ ಎಸಿಸಿ ಮತ್ತು ಬಿಗ್ 12. ಆ ಒಪ್ಪಂದದೊಳಗೆ ಬೌಲ್‌ನವರು ನೋಡೋದು ಯಾರ ಅಭಿಮಾನಿಗಳು ಹೆಚ್ಚು ಬರ್ತಾರೆ, ಊರು ಎಷ್ಟು ಹತ್ತಿರ, ಇದೇ ಜೋಡಿ ಈಚೆಗೆ ಆಡಿದೆಯಾ ಅಂತ. ಹಾಗಾಗಿ 8-4ರ ಟೀಮ್ ನಿಮಗಿಂತ ಒಳ್ಳೆ ಬೌಲ್‌ಗೆ ಹೋದ್ರೆ ಆಶ್ಚರ್ಯ ಪಡಬೇಡಿ.

ಉಳಿದ ಬೌಲ್ ದಂಡ ಅನ್ನೋ ಮಾತು ನಾನು ಒಪ್ಪಲ್ಲ. ಆರು ಪಂದ್ಯ ಗೆದ್ದವರೆಲ್ಲ ಬೌಲ್‌ಗೆ ಅರ್ಹರು, ಜಾಗ ಉಳಿದರೆ 5-7 ಟೀಮ್‌ಗೂ ಬೌಲ್ ಸಿಗುತ್ತೆ, ಸರಿ. 2024ರಲ್ಲಿ ಮಾರ್ಷಲ್ ಟೀಮಿನ ಆಟಗಾರರು ಪೋರ್ಟಲ್‌ಗೆ ಹೋಗಿ ಟೀಮೇ ಹಿಂದೆ ಸರಿದಾಗ ಇಂಡಿಪೆಂಡೆನ್ಸ್ ಬೌಲ್‌ನಲ್ಲಿ ಆರ್ಮಿ ಎದುರು ಆಡಿದ್ದು 5-7ರ ಲೂಸಿಯಾನಾ ಟೆಕ್. ಆದರೂ ಗೆದ್ದ ಟೀಮ್‌ನವರು ಬೌಲ್‌ನ ಪಾಪ್-ಟಾರ್ಟ್ ತಿಂಡಿಯ ಮ್ಯಾಸ್ಕಾಟನ್ನೇ ತಿನ್ನೋ ಪಾಪ್-ಟಾರ್ಟ್ಸ್ ಬೌಲ್‌ನ ಹುಚ್ಚಾಟ ಪ್ಲೇಆಫ್‌ನಲ್ಲಿ ಎಲ್ಲಿ ಸಿಗುತ್ತೆ? ಮುಂದಿನ ವರ್ಷದ ಕ್ವಾರ್ಟರ್‌ಬ್ಯಾಕ್ ಯಾರು ಅಂತ ಮೊದಲು ಕಣ್ಣಿಗೆ ಬೀಳೋದೂ ಇಲ್ಲೇ.

ದುಡ್ಡು ಹಾಕೋ ಮುಂಚೆ ರ‍್ಯಾಂಕ್ ಬಿಟ್ಟು ಆಟಗಾರರ ಪಟ್ಟಿ ನೋಡಿ. ಕೋಚ್ ಉಳಿದಿದ್ದಾರಾ, ಕ್ವಾರ್ಟರ್‌ಬ್ಯಾಕ್ ಆಡ್ತಾನಾ, ಅವನನ್ನ ಕಾಯೋ ಎಡ ಟ್ಯಾಕಲ್ ಡ್ರಾಫ್ಟ್‌ಗೆ ಹೊರಟಿದ್ದಾನಾ. ಪೋರ್ಟಲ್ ತೆರೆಯೋ ದಿನ ಈಗ ಜನವರಿ 2ಕ್ಕೆ ಹೋಗಿದ್ದರೂ, ಹೋಗ್ತೀನಿ ಅಂತ ಹುಡುಗರು ಡಿಸೆಂಬರ್‌ನಲ್ಲೇ ಘೋಷಿಸಿಬಿಡ್ತಾರೆ. ಬೆಟ್ಟಿಂಗ್ ಲೈನ್ (ಯಾರು ಎಷ್ಟು ಪಾಯಿಂಟ್ ಅಂತರದಲ್ಲಿ ಗೆಲ್ತಾರೆ ಅನ್ನೋ ಬೆಟ್ಟಿಂಗ್‌ನವರ ಅಂದಾಜು) ಮೇಲೂ ಕಣ್ಣಿಡಿ, ಪಣ ಕಟ್ಟೋಕಲ್ಲ. ಬೌಲ್ ಘೋಷಣೆಯಾದ ದಿನ 3 ಪಾಯಿಂಟ್ ಇದ್ದ ಅಂತರ ವಾರದಲ್ಲಿ 10 ಆಯ್ತು ಅಂದ್ರೆ ಯಾರೋ ದೊಡ್ಡವರು ಆಡ್ತಿಲ್ಲ ಅಂತಲೇ ಅರ್ಥ.

ಬೌಲ್ ಜೋಡಿಗಳು ಗೊತ್ತಾಗೋದು ಕಾನ್ಫರೆನ್ಸ್ ಫೈನಲ್‌ಗಳ ಮರುದಿನ, ಭಾನುವಾರ. ಪ್ಲೇಆಫ್ ಪಟ್ಟಿ ಅಲ್ಲಿನ ಪೂರ್ವ ಕರಾವಳಿಯ ಮಧ್ಯಾಹ್ನ 12ಕ್ಕೆ, ಅಂದ್ರೆ ಊರಲ್ಲಿ ರಾತ್ರಿ ಹತ್ತೂವರೆಗೆ. ಉಳಿದವು ಆ ಸಂಜೆಯೊಳಗೆ. ಆವತ್ತೇ ವಿಮಾನದ ಟಿಕೆಟ್ ನೋಡಿ, ಅದು ಏರ್ತಾನೇ ಹೋಗುತ್ತೆ. ಆಟದ ಟಿಕೆಟ್‌ಗೆ ಆತುರ ಬೇಡ. ಮೊದಲು ನಿಮ್ಮ ಯೂನಿವರ್ಸಿಟಿ ಟಿಕೆಟ್ ಆಫೀಸಿನಲ್ಲಿ ವಿದ್ಯಾರ್ಥಿ ದರ ಇದೆಯಾ ಕೇಳಿ. ಇದ್ದರೆ ತಗೊಂಡುಬಿಡಿ, ನಿಮ್ಮವರ ಜೊತೆಗೇ ಕೂರಬಹುದು. ಇಲ್ಲದಿದ್ದರೆ ಮರುಮಾರಾಟದ ಸೈಟ್‌ಗಳಲ್ಲಿ ಕಾಯಿರಿ. ಚಿಕ್ಕ ಬೌಲ್‌ಗಳಲ್ಲಿ ಸೀಟು ತುಂಬೋದು ಅಪರೂಪ, ಕೊನೆಯ ಎರಡು-ಮೂರು ದಿನದಲ್ಲಿ ಬೆಲೆ ಸಾಮಾನ್ಯವಾಗಿ ಇಳಿಯುತ್ತೆ. ಶುಲ್ಕವೆಲ್ಲ ಸೇರಿದ ಒಟ್ಟು ಬೆಲೆಯನ್ನೇ ಹೋಲಿಸಿ ನೋಡಿ. ಪಾರ್ಕಿಂಗ್ ಪಾಸ್ ಎಷ್ಟೋ ಕಡೆ ಬೇರೆ. ಯಾಂಕೀ ಸ್ಟೇಡಿಯಂ, ಫೆನ್‌ವೇ ಪಾರ್ಕ್‌ನಂಥ ಬೇಸ್‌ಬಾಲ್ ಅಂಗಳದ ಬೌಲ್ ಆದರೆ ಆ ಸೀಟಿನಿಂದ ಮೈದಾನ ಹೇಗೆ ಕಾಣುತ್ತೆ ಅನ್ನೋ ಫೋಟೋ ನೋಡದೆ ಕೊಳ್ಳಬೇಡಿ, ಜೊತೆಗೆ ದಪ್ಪ ಜಾಕೆಟ್ ಇರಲಿ. ಕಾಲೇಜ್ ಬ್ಯಾಕ್‌ಪ್ಯಾಕ್ ರೂಮಿನಲ್ಲೇ ಬಿಡಿ: ಹೆಚ್ಚಿನ ಸ್ಟೇಡಿಯಂಗಳಲ್ಲಿ 12 ಇಂಚು ಅಗಲ, 12 ಇಂಚು ಎತ್ತರ, 6 ಇಂಚು ದಪ್ಪದ ಪಾರದರ್ಶಕ ಚೀಲಕ್ಕೆ ಮಾತ್ರ ಒಳಗೆ ಪ್ರವೇಶ.