ನಿಮ್ಮ ಬಾವಿಯ ಕಲ್ಲು ಲೇಖನದಲ್ಲಿ ಎಲ್ಲಿದೆ?

ಮಾನ್ಯರೇ,

ನೀರೊಳಗೆ ಕೇಳುವುದರ ಬಗ್ಗೆ ನೀವು ಬರೆದ ‘ಜಲದಾಳದ ಮೌನಲೋಕ’ ಎಂಬ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೂ ಇಷ್ಟು ಉದ್ದದ ಉತ್ತರ ಬರೆಯುತ್ತಿರುವುದು, ಲೇಖನದ ಜೊತೆಗಿದ್ದ ಪತ್ರದ ನಾಲ್ಕು ಸಾಲುಗಳಿಗಾಗಿ.

ಚಿಕ್ಕಂದಿನಲ್ಲಿ ತೋಟದ ಬಾವಿಯಲ್ಲಿ ನೀವು ಮುಳುಗಿದಾಗ ಗೆಳೆಯ ನೀರಿನೊಳಗೆ ಎರಡು ಕಲ್ಲು ಕುಟ್ಟುತ್ತಿದ್ದ. ಅವನು ಯಾವ ಕಡೆ ಇದ್ದಾನೆಂದು ನೀವು ಕಣ್ಣು ಮುಚ್ಚಿಕೊಂಡೇ ಹೇಳಬೇಕಿತ್ತು. ‘ಕಲ್ಲನ್ನು ನನ್ನ ತಲೆಬುರುಡೆಯೊಳಗೇ ಕುಟ್ಟಿದಂತಿರುತ್ತಿತ್ತು, ಒಮ್ಮೆಯೂ ಗೆಲ್ಲಲಿಲ್ಲ’ ಎಂದಿದ್ದೀರಿ. ಲೇಖನ ಶುರುವಾಗಬೇಕಾದದ್ದು ಇಲ್ಲಿಂದ. ನೀವು ಶುರುಮಾಡಿರುವುದು ‘ಅನಾದಿಕಾಲದಿಂದಲೂ ಸಾಗರವು ಮಾನವನನ್ನು ಕೈಬೀಸಿ ಕರೆಯುತ್ತಿದೆ’ ಎಂದು. ಈ ಸಾಲನ್ನು ಹಡಗಿನ ಲೇಖನಕ್ಕೂ ಹಾಕಬಹುದು, ಉಪ್ಪಿನ ಲೇಖನಕ್ಕೂ ಹಾಕಬಹುದು. ಹೊಡೆದುಹಾಕಿ.

ನೀವು ಏಕೆ ಸೋಲುತ್ತಿದ್ದಿರಿ ಎಂಬುದರಲ್ಲೇ ಇಡೀ ವಿಷಯ ಅಡಗಿದೆ. ದಡದ ಮೇಲೆ ಬಲಗಡೆಯಿಂದ ಯಾರಾದರೂ ಕರೆದರೆ ಸದ್ದು ಬಲಗಿವಿಗೆ ಮೊದಲು ಮುಟ್ಟುತ್ತದೆ, ಎಡಗಿವಿಗೆ ಆಮೇಲೆ. ಅಂತರ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ, ಆದರೂ ಮಿದುಳಿಗೆ ಅಷ್ಟು ಸಾಕು. ಜೊತೆಗೆ ತಲೆ ಅಡ್ಡ ಬರುವುದರಿಂದ ಎಡಗಿವಿಗೆ ಸದ್ದು ತುಸು ಕುಗ್ಗಿ ತಲುಪುತ್ತದೆ. ನೀರಿನಲ್ಲಿ ಈ ಎರಡೂ ಸುಳಿವುಗಳು ಕೈಕೊಡುತ್ತವೆ. ಅಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್, ಗಾಳಿಯಲ್ಲಿ ಸುಮಾರು 340. ಹಾಗಾಗಿ ಮೊದಲೇ ಚಿಕ್ಕದಾಗಿದ್ದ ಅಂತರ ಕಾಲುಭಾಗಕ್ಕೂ ಕಡಿಮೆಯಾಗುತ್ತದೆ. ನಮ್ಮ ಮಾಂಸದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ ಇರುವುದರಿಂದ ತಲೆ ಸದ್ದನ್ನು ಅಷ್ಟಾಗಿ ತಡೆಯುವುದೂ ಇಲ್ಲ. ಸದ್ದು ಕಿವಿಯ ತಮಟೆಗಾಗಿ ಕಾಯದೆ ಬುರುಡೆಯ ಮೂಳೆಯನ್ನೇ ನಡುಗಿಸಿ ಎರಡೂ ಒಳಗಿವಿಗಳಿಗೆ ಹೆಚ್ಚುಕಡಿಮೆ ಒಟ್ಟಿಗೇ ಮುಟ್ಟುತ್ತದೆ. ‘ತಲೆಬುರುಡೆಯೊಳಗೇ’ ಎಂದು ನೀವು ಬರೆದದ್ದು ಬರಿಯ ಹೋಲಿಕೆಯಲ್ಲ, ಅಕ್ಷರಶಃ ನಿಜ.

ಇನ್ನು ತಪ್ಪುಗಳು. ‘ನೀರಿನಲ್ಲಿ ಶಬ್ದ ನಾಲ್ಕು ಪಟ್ಟು ವೇಗವಾಗಿ ಚಲಿಸುವುದರಿಂದ ನಾಲ್ಕು ಪಟ್ಟು ಜೋರಾಗಿ ಕೇಳಿಸುತ್ತದೆ’ ಎಂದಿದ್ದೀರಿ. ವೇಗ ಬೇರೆ, ಜೋರು ಬೇರೆ. ನಮ್ಮ ಕಿವಿ ಗಾಳಿಗೆ ಒಗ್ಗಿದ್ದು. ನೀರೊಳಗೆ ಅದು ಮಂದವಾಗುತ್ತದೆ. ‘ಮೀನಿಗೆ ಕಿವಿಯೇ ಇಲ್ಲ’ ಎಂಬುದೂ ತಪ್ಪು. ಹೊರಗೆ ಕಾಣುವ ಕಿವಿಯಿಲ್ಲ, ಒಳಗಿವಿ ಇದೆ. ಅದರಲ್ಲಿ ಸುಣ್ಣದಂಶದ ಬಿಳಿಯ ಹರಳುಗಳಿರುತ್ತವೆ. ಸದ್ದು ಬಂದಾಗ ಮೀನಿನ ಮೈ ನೀರಿನ ಜೊತೆಗೇ ಅಲುಗುತ್ತದೆ. ಹರಳು ಭಾರವಾದ್ದರಿಂದ ಹಿಂದುಳಿಯುತ್ತದೆ. ಆ ವ್ಯತ್ಯಾಸ ಅಲ್ಲಿರುವ ಸೂಕ್ಷ್ಮ ರೋಮಗಳನ್ನು ಬಾಗಿಸುತ್ತದೆ. ನಮ್ಮ ಕೆರೆಗಳ ಕಾಟ್ಲಾ, ರೋಹುಗಳಿಗೆ ಇನ್ನೊಂದು ಅನುಕೂಲವಿದೆ: ಹೊಟ್ಟೆಯೊಳಗಿನ ಗಾಳಿಚೀಲ ಸದ್ದಿಗೆ ಕಂಪಿಸುತ್ತದೆ, ಪುಟ್ಟ ಮೂಳೆಗಳ ಸರಣಿಯೊಂದು ಆ ಕಂಪನವನ್ನು ಒಳಗಿವಿಗೆ ಒಯ್ಯುತ್ತದೆ. ವೇಬರ್ ಎಂಬ ಜರ್ಮನ್ ವಿಜ್ಞಾನಿ ಇದನ್ನು 1820ರಲ್ಲೇ ವಿವರಿಸಿದ್ದರು. ಇಂಥ ಮೀನುಗಳಿರುವ ಕೆರೆಯನ್ನು ಮೌನಲೋಕ ಎನ್ನಬೇಡಿ. ಶೀರ್ಷಿಕೆ ಬದಲಾಗಲೇಬೇಕು.

ಡಾಲ್ಫಿನ್‌ಗೆ ಒಂದು ಪುಟ ಕೊಟ್ಟಿದ್ದೀರಿ, ಅದರಲ್ಲಿ ಅರ್ಧ ಅದರ ಬುದ್ಧಿವಂತಿಕೆಯ ಹೊಗಳಿಕೆಗೇ ಹೋಗಿದೆ. ಬೇಕಾದ ಸಂಗತಿ ಬಿಟ್ಟುಹೋಗಿದೆ. ಅದಕ್ಕೆ ಸದ್ದು ಮುಖ್ಯವಾಗಿ ಬರುವುದು ಕೆಳದವಡೆಯ ಕೊಬ್ಬಿನ ಮೂಲಕ. ಅದರ ಕಿವಿಯ ಮೂಳೆಗಳು ಬುರುಡೆಗೆ ಬೆಸೆದುಕೊಂಡಿಲ್ಲ; ಗಾಳಿ ತುಂಬಿದ ಪೊಳ್ಳುಗಳು ಅವನ್ನು ಬುರುಡೆಯಿಂದ ಬೇರೆ ಮಾಡಿಟ್ಟಿವೆ. ಆದ್ದರಿಂದ ಎರಡು ಕಿವಿಗಳೂ ಬೇರೆಬೇರೆಯಾಗಿಯೇ ಕೇಳುತ್ತವೆ. ಬಾವಿಯಲ್ಲಿ ನಿಮ್ಮನ್ನು ಸೋಲಿಸಿದ ತೊಡಕನ್ನು ಡಾಲ್ಫಿನ್‌ನ ತಲೆ ಬಿಡಿಸಿಕೊಂಡಿದೆ! ನಿಮ್ಮ ಲೇಖನವನ್ನು ಹಿಡಿದುಕಟ್ಟುವ ಎಳೆ ಇದೇ: ನೀರೊಳಗೆ ದಿಕ್ಕು ಯಾರಿಗೆ ತಿಳಿಯುತ್ತದೆ, ಯಾರಿಗೆ ತಿಳಿಯುವುದಿಲ್ಲ, ಏಕೆ.

ನೀರಿನಲ್ಲಿ ಸದ್ದಿನ ವೇಗವನ್ನು ಅಳೆದ 1826ರ ಜಿನೀವಾ ಸರೋವರದ ಪ್ರಯೋಗವನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ನನಗೆ ನಿಜಕ್ಕೂ ಬೇಸರವಾಯಿತು. ರಾತ್ರಿಯ ಹೊತ್ತು; 13 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಎರಡು ದೋಣಿಗಳು; ಒಂದರಿಂದ ನೀರೊಳಗೆ ಇಳಿಬಿಟ್ಟ ಗಂಟೆಯ ಪೆಟ್ಟು, ಅದೇ ಗಳಿಗೆಗೆ ಮೇಲೆ ಸಿಡಿಮದ್ದಿನ ಬೆಳಕು; ಇನ್ನೊಂದರಲ್ಲಿ ನೀರಿಗಿಳಿಸಿದ ಉದ್ದನೆಯ ತಗಡಿನ ಕೊಳವೆಗೆ ಕಿವಿಯಿಟ್ಟು ಕುಳಿತ ಸ್ವಿಸ್ ವಿಜ್ಞಾನಿ ಕೊಲಾಡೊನ್. ಬೆಳಕು ಕಂಡು ಒಂಬತ್ತು ಚಿಲ್ಲರೆ ಸೆಕೆಂಡಿನ ಬಳಿಕ ಗಂಟೆ ಕೇಳಿಸುತ್ತದೆ. ಓದುಗರನ್ನು ಅಷ್ಟು ಹೊತ್ತು ಆ ದೋಣಿಯಲ್ಲಿ ಕೂರಿಸಿ.

ಭಾಷೆಯ ಬಗ್ಗೆ ಒಂದೇ ಮಾತು. ‘ಜಲಾಂತರ್ಗತ ಶ್ರವಣಕ್ರಿಯೆ’ ಎಂದು ಒಂಬತ್ತು ಕಡೆ ಬರೆದಿದ್ದೀರಿ. ‘ನೀರೊಳಗೆ ಕೇಳುವುದು’ ಎಂದರೆ ಸಾಕು. ಪತ್ರದಲ್ಲಿರುವ ನಿಮ್ಮ ಕನ್ನಡ ಚೆನ್ನಾಗಿದೆ, ಅದರಲ್ಲೇ ಬರೆಯಿರಿ.

ಆ ಬಾವಿಯಲ್ಲಿ ಈಗಲೂ ನೀರಿದ್ದರೆ, ಈಜು ಬಲ್ಲವರೊಬ್ಬರನ್ನು ದಡದಲ್ಲಿ ನಿಲ್ಲಿಸಿ ಮತ್ತೆ ಆಟವಾಡಿ. ಒಮ್ಮೆ ಎದುರಿನಿಂದ, ಒಮ್ಮೆ ಬೆನ್ನ ಹಿಂದಿನಿಂದ, ಒಮ್ಮೆ ಪಕ್ಕದಿಂದ ಕಲ್ಲು ಕುಟ್ಟಿಸಿ. ಇಪ್ಪತ್ತು ಸಲದಲ್ಲಿ ಎಷ್ಟು ಸಲ ಸರಿಯಾಗಿ ಹೇಳಿದಿರಿ ಎಂದು ಬರೆದಿಟ್ಟುಕೊಳ್ಳಿ. ಆ ಲೆಕ್ಕದೊಂದಿಗೆ ಲೇಖನ ಕಳಿಸಿ. ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕ