ಆ ಸರದಿಯ ಸಾಲನ್ನು ಎಳೆದವರು ಯಾರು?

ಅಮೆರಿಕದಿಂದ ಗಡೀಪಾರಾದವರ ಕುರಿತು ಹಿಂದಿನ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನಕ್ಕೆ ಮೈಸೂರಿನ ಹಿರಿಯ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಅದರ ಮುಖ್ಯ ಭಾಗ ಹೀಗಿದೆ: “ನನ್ನ ಮಗಳು ಓದಿ, ಕೆಲಸ ಗಿಟ್ಟಿಸಿ, ವೀಸಾ ಪಡೆದು, ಸರದಿಯಲ್ಲಿ ನಿಂತು ಹೋದವಳು. ಅಳಿಯನೂ ಹಾಗೆಯೇ. ಮೂರು ವರ್ಷದ ಮೊಮ್ಮಗಳು ಅಲ್ಲೇ ಹುಟ್ಟಿದ ಅಮೆರಿಕದ ಪ್ರಜೆ. ಬೇಲಿ ಹಾರಿ ಬಂದವರ ಪಕ್ಕದಲ್ಲಿ ಇವರನ್ನು ನಿಲ್ಲಿಸಬೇಡಿ. ಕಪ್ಪು ಜನರ ಹೋರಾಟ, ಮೆಕ್ಸಿಕೋದವರ ಗೋಳು ಅವರವರಿಗೆ ಬಿಟ್ಟದ್ದು. ನಮ್ಮವರು ತಲೆ ತಗ್ಗಿಸಿ ದುಡಿದರೆ ಅವರ ತಂಟೆಗೆ ಯಾರೂ ಬರುವುದಿಲ್ಲ. ಕನ್ನಡ ಪತ್ರಿಕೆಗೆ ಈ ಉಸಾಬರಿ ಯಾಕೆ?”

ಮಾನ್ಯರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಓದಿಗೆ ಸಿಟ್ಟು ಕಂಡಿತು. ಮೂರನೆಯ ಓದಿಗೆ ಕಂಡದ್ದು ದೂರದಲ್ಲಿರುವ ಮಗಳ ಬಗ್ಗೆ ತಂದೆಯ ಕಳವಳ. ಆ ಕಳವಳಕ್ಕೆ ಉತ್ತರ ಕೊಡಬೇಕೆಂದೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಒಪ್ಪುವ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಯಾವ ದೇಶಕ್ಕಾದರೂ ಗಡಿ ಇರುತ್ತದೆ, ಯಾರು ಒಳಗೆ ಬರಬೇಕೆಂದು ತೀರ್ಮಾನಿಸುವ ಅಧಿಕಾರವೂ ಇರುತ್ತದೆ. ನಮ್ಮ ಲೇಖನ ಅದನ್ನು ಪ್ರಶ್ನಿಸಿರಲಿಲ್ಲ. 2025ರ ಫೆಬ್ರವರಿ 5ರಂದು 104 ಭಾರತೀಯರನ್ನು ಕೈಗೆ ಕೋಳ, ಕಾಲಿಗೆ ಸರಪಳಿ ಹಾಕಿ ಸೇನಾ ವಿಮಾನದಲ್ಲಿ ಅಮೃತಸರಕ್ಕೆ ತಂದು ಇಳಿಸಿದರಲ್ಲ, ಅದನ್ನು ಅಮಾನುಷ ಎಂದು ಕರೆದಿದ್ದೆವು. ಜಮೀನು ಮಾರಿ ದಲ್ಲಾಳಿಗೆ ಹಣ ಕೊಟ್ಟು, ಕಾಡುಮೇಡು ದಾಟಿ ಹೋದವನು ಕಾನೂನು ಮುರಿದಿರಬಹುದು. ಅವನನ್ನು ಸರಪಳಿಯಲ್ಲಿ ಬಿಗಿಯಬೇಕಾದ ಅಗತ್ಯ ಏನಿತ್ತು? ಆ ಮಾತಿನಲ್ಲಿ ಒಂದಕ್ಷರವನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಇನ್ನು ನೀವು ಬಳಸಿದ ‘ಸರದಿ’ ಎಂಬ ಮಾತಿಗೆ ಬರುತ್ತೇನೆ. ನಿಮ್ಮ ಮಗಳು ನಿಂತ ಸಾಲು ಎಲ್ಲಿಂದ ಬಂತು?

1917ರಲ್ಲಿ ಅಮೆರಿಕ ಒಂದು ಕಾಯ್ದೆ ಮಾಡಿ ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗವನ್ನು ‘ನಿರ್ಬಂಧಿತ ವಲಯ’ ಎಂದು ಘೋಷಿಸಿತು. ಅಲ್ಲಿಂದ ಕೂಲಿಗೆ ಬರುವವರು ಕಾಲಿಡುವಂತಿರಲಿಲ್ಲ. 1924ರ ಕಾಯ್ದೆ ಉಳಿದ ಸಂದುಗಳನ್ನೂ ಮುಚ್ಚಿ, ಉತ್ತರ ಮತ್ತು ಪಶ್ಚಿಮ ಯುರೋಪಿನವರಿಗೆ ಸಿಂಹಪಾಲು ಕೊಡುವ ಕೋಟಾ ಪದ್ಧತಿ ತಂದಿತು. 1946ರಲ್ಲಿ ಭಾರತೀಯರಿಗೆ ಬಾಗಿಲು ಚೂರು ಸರಿಯಿತು: ಇಡೀ ದೇಶಕ್ಕೆ ವರ್ಷಕ್ಕೆ 100 ಜಾಗ. ದಸರೆಯ ದಿನ ಮೈಸೂರಿನ ಒಂದು ಸಿಟಿ ಬಸ್ಸಿನಲ್ಲಿ ಹೆಚ್ಚುಕಡಿಮೆ ಅಷ್ಟು ಜನ ಇರುತ್ತಾರೆ. ಆ ಕಾಲದಲ್ಲಿ ನಿಮ್ಮ ಮಗಳಷ್ಟೇ ಬುದ್ಧಿವಂತೆ, ಅಷ್ಟೇ ಶಿಸ್ತಿನ ಹುಡುಗಿ ನಮ್ಮಲ್ಲಿ ಇರಲಿಲ್ಲವೇ? ಇದ್ದರು. ಅವರಿಗೆ ನಿಲ್ಲಲು ಸಾಲೇ ಇರಲಿಲ್ಲ.

ಆ ಸಾಲು ಹುಟ್ಟಿದ್ದು 1965ರಲ್ಲಿ. ಆ ವರ್ಷವನ್ನು ತಿಂಗಳು ತಿಂಗಳಾಗಿ ನೋಡಿ. ಮಾರ್ಚ್ 7ರಂದು ಅಲಬಾಮಾದ ಸೆಲ್ಮಾದಲ್ಲಿ ಮತದಾನದ ಹಕ್ಕು ಕೇಳಿ ಮೆರವಣಿಗೆ ಹೊರಟ ಕಪ್ಪು ಜನರನ್ನು ಎಡ್ಮಂಡ್ ಪೆಟಸ್ ಸೇತುವೆಯ ಮೇಲೆ ಪೊಲೀಸರು ಲಾಠಿಯಿಂದ ಬಡಿದರು, ಅಶ್ರುವಾಯು ಸಿಡಿಸಿದರು. ಆಗಸ್ಟ್ 6ರಂದು ಮತದಾನದ ಹಕ್ಕಿನ ಕಾಯ್ದೆ ಬಂತು. ಅಕ್ಟೋಬರ್ 3ರಂದು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಕೆಳಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ವಲಸೆ ಕಾಯ್ದೆಗೆ ಸಹಿ ಹಾಕಿದರು. ಹುಟ್ಟಿದ ನೆಲ ನೋಡಿ ಆರಿಸುವ ಹಳೆಯ ಕೋಟಾ ಹೋಯಿತು. ಏಷ್ಯಾದ ದೇಶಕ್ಕೂ ಯುರೋಪಿನ ದೇಶಕ್ಕೂ ವರ್ಷಕ್ಕೆ 20,000 ಎಂಬ ಒಂದೇ ಮಿತಿ ಬಂತು. ಮೂರೂ ಒಂದೇ ವರ್ಷದಲ್ಲಿ ಬಂದದ್ದು ಕಾಕತಾಳೀಯ ಎನ್ನುವಿರಾದರೆ ಎಮ್ಯಾನುಯೆಲ್ ಸೆಲರ್ ಅವರ ಬದುಕನ್ನು ನೋಡಬೇಕು. ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ ಆರಿಸಿ ಬಂದ ಈ ಯಹೂದಿ ಸದಸ್ಯರು ಸಂಸತ್ತಿಗೆ ಹೊಸಬರಾಗಿದ್ದಾಗಲೇ 1924ರ ಕೋಟಾ ಕಾಯ್ದೆಯನ್ನು ವಿರೋಧಿಸಿ ಸೋತಿದ್ದರು. 41 ವರ್ಷ ಕಾದರು. 1964ರ ನಾಗರಿಕ ಹಕ್ಕುಗಳ ಕಾಯ್ದೆ, 1965ರ ಮತದಾನದ ಕಾಯ್ದೆ, ವಲಸೆ ಕಾಯ್ದೆ, ಮೂರನ್ನೂ ಕೆಳಮನೆಯಲ್ಲಿ ನಡೆಸಿಕೊಟ್ಟದ್ದು ಅವರ ಅಧ್ಯಕ್ಷತೆಯ ನ್ಯಾಯಾಂಗ ಸಮಿತಿ. ಬಣ್ಣ ನೋಡಿ ಮತ ನಿರಾಕರಿಸುವುದು ತಪ್ಪೆಂದು ಒಪ್ಪಿದ ಮೇಲೆ, ಬಣ್ಣ ನೋಡಿ ವೀಸಾ ನಿರಾಕರಿಸುವುದನ್ನು ಸಮರ್ಥಿಸಿಕೊಳ್ಳುವುದು ಆ ದೇಶಕ್ಕೆ ಕಷ್ಟವಾಯಿತು. ಹಾಗಾಗಿ ಸೆಲ್ಮಾದ ಸೇತುವೆಯ ಮೇಲೆ ಬಿದ್ದ ಪೆಟ್ಟಿಗೂ ಬೆಂಗಳೂರಿನಿಂದ ಹಾರಿದ ನಿಮ್ಮ ಮಗಳ ವಿಮಾನಕ್ಕೂ ನಂಟಿದೆ ಎಂದು ನಾನು ಹೇಳಿದರೆ ಅದನ್ನು ಭಾವುಕತೆ ಎಂದು ತಳ್ಳಿಹಾಕಬೇಡಿ.

ಅದೇ ಕಾಯ್ದೆಗೆ ಇನ್ನೊಂದು ಮುಖವೂ ಇದೆ. ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಅದು.

1942ರಿಂದ 1964ರ ಕೊನೆಯವರೆಗೆ ‘ಬ್ರಸೆರೊ’ ಎಂಬ ಯೋಜನೆಯಡಿ ಮೆಕ್ಸಿಕೋದ ಕೃಷಿ ಕೂಲಿಗಳನ್ನು ಅಮೆರಿಕ ಸರ್ಕಾರವೇ ಒಪ್ಪಂದ ಮಾಡಿಕೊಂಡು ಕರೆಸಿಕೊಳ್ಳುತ್ತಿತ್ತು. 40 ಲಕ್ಷಕ್ಕೂ ಹೆಚ್ಚು ಒಪ್ಪಂದಗಳಾದವು. ಯುದ್ಧಕಾಲದಲ್ಲಿ ಅಮೆರಿಕದ ಹೊಲ ಬೀಳು ಬೀಳದಂತೆ ನೋಡಿಕೊಂಡವರು ಇವರು. ಕೂಲಿಗಳ ಶೋಷಣೆ ಮಿತಿಮೀರಿದ್ದರಿಂದ ಯೋಜನೆ ನಿಂತಿತು, ಸರಿ. ಆದರೆ ಅದರ ಜಾಗದಲ್ಲಿ ಬೇರೆ ದಾರಿಯನ್ನು ತೆರೆಯಲಿಲ್ಲ. ಬದಲಿಗೆ 1965ರ ಕಾಯ್ದೆ ಇತಿಹಾಸದಲ್ಲಿ ಮೊದಲ ಬಾರಿಗೆ ಅಮೆರಿಕ ಖಂಡಗಳಿಂದ ಬರುವವರ ಸಂಖ್ಯೆಗೂ ಮಿತಿ ಹಾಕಿತು: ಎಲ್ಲ ದೇಶಗಳಿಗೂ ಸೇರಿ ವರ್ಷಕ್ಕೆ 1,20,000. 1976ರಲ್ಲಿ ಮೆಕ್ಸಿಕೋ ಒಂದಕ್ಕೇ 20,000 ಎಂದು ಬಿಗಿಮಾಡಿದರು. ಹೊಲ ಅದೇ, ಬೆಳೆ ಅದೇ, ಕೊಯ್ಲಿಗೆ ಕರೆಯುವ ಯಜಮಾನನೂ ಅವನೇ. ಕಾಗದ ಮಾತ್ರ ಇಲ್ಲ. ಅಪ್ಪ ದಾಟಿದ ಗಡಿಯನ್ನೇ ಮಗ ದಾಟಿದಾಗ ಅವನ ಹೆಸರು ‘ಅಕ್ರಮ’ ಎಂದಾಯಿತು. ನೀವು ಹೇಳುವ ಬೇಲಿಯನ್ನು ಅವರು ಹಾರಿದ್ದಕ್ಕಿಂತ, ಅವರು ನಡೆಯುತ್ತಿದ್ದ ದಾರಿಗೆ ಬೇಲಿ ಬಂದದ್ದೇ ಹೆಚ್ಚು. ನಮಗೆ ಸಕ್ರಮದ ದಾರಿ ತೆರೆದ ಕಾಯ್ದೆಯೇ ಅವರನ್ನು ಅಕ್ರಮದ ಕಡೆಗೆ ತಳ್ಳಿತು. ಇದನ್ನು ತಿಳಿದ ಮೇಲೂ ‘ನಾವು ಸಾಚಾ, ಅವರು ಕಳ್ಳರು’ ಎಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ.

‘ತಲೆ ತಗ್ಗಿಸಿ ದುಡಿದರೆ ತಂಟೆಗೆ ಯಾರೂ ಬರುವುದಿಲ್ಲ’ ಎಂದಿದ್ದೀರಿ. ಇದನ್ನು ನಂಬಿದ ಭಾರತೀಯರು ನೂರು ವರ್ಷದ ಹಿಂದೆಯೂ ಇದ್ದರು.

ಪಂಜಾಬಿನಿಂದ ಹೋದ ಭಗತ್ ಸಿಂಗ್ ಥಿಂಡ್ ಒರೆಗಾನ್ ರಾಜ್ಯದ ಮರದ ಕಾರ್ಖಾನೆಯಲ್ಲಿ ದುಡಿದರು, ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ಸೇರಿದರು, ಪೌರತ್ವ ಪಡೆದರು. ಸರ್ಕಾರ ಅದನ್ನು ಪ್ರಶ್ನಿಸಿತು. ವಲಸಿಗರಲ್ಲಿ ಬಿಳಿಯರಿಗೂ ಆಫ್ರಿಕನ್ ಮೂಲದವರಿಗೂ ಮಾತ್ರ ಪೌರತ್ವ ಎಂಬ ಕಾನೂನಿದ್ದ ಕಾಲ. ಥಿಂಡ್ ಪರ ವಾದ ಏನಾಗಿತ್ತು ಗೊತ್ತೇ? ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯ. ಅಮೆರಿಕದ ಬಿಳಿಯರು ಕಪ್ಪು ಜನರೊಂದಿಗೆ ಮದುವೆ ಸಂಬಂಧ ಬೆಳೆಸಲು ಹೇಗೆ ಹಿಂಜರಿಯುತ್ತಾರೋ ಮೇಲ್ಜಾತಿಯ ಹಿಂದೂ ಕೂಡ ತನ್ನ ನಾಡಿನ ಮೂಲನಿವಾಸಿಗಳ ವಿಷಯದಲ್ಲಿ ಹಾಗೆಯೇ ಹಿಂಜರಿಯುತ್ತಾನೆ ಎಂದು. ಅಂದರೆ ತುಳಿತಕ್ಕೊಳಗಾದವರಿಂದ ದೂರ ಸರಿದು ನಿಂತದ್ದನ್ನೇ ಅರ್ಹತೆಯಾಗಿ ಮುಂದಿಟ್ಟರು. 1923ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ಒಪ್ಪಲಿಲ್ಲ: ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ನೀವು ಬಿಳಿಯರಲ್ಲ ಎಂದಿತು. ಆಮೇಲೆ ಅದಾಗಲೇ ಪೌರತ್ವ ಪಡೆದಿದ್ದ ಹತ್ತಾರು ಭಾರತೀಯರಿಂದಲೂ ಅದನ್ನು ಕಿತ್ತುಕೊಂಡರು. ಅವರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ವೈಷ್ಣೋ ದಾಸ್ ಬಗಾಯಿ ಒಬ್ಬರು. ಕಾನೂನು ಮುರಿದವರಲ್ಲ, ಯಾರಿಗೂ ತೊಂದರೆ ಕೊಟ್ಟವರಲ್ಲ. ಪೌರತ್ವ ಹೋಯಿತು, ಊರಿಗೆ ಹೋಗಿ ಬರಲು ಅಮೆರಿಕದ ಪಾಸ್‌ಪೋರ್ಟೂ ಸಿಗಲಿಲ್ಲ. 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರ ಪತ್ನಿ ಕಲಾ ಬಗಾಯಿ ಮೂವರು ಗಂಡುಮಕ್ಕಳನ್ನು ಬೆಳೆಸಿ ಅಲ್ಲೇ ನಿಂತರು. ಹಿಂದೆ ಹತ್ತಿರದ ಬರ್ಕ್ಲಿ ನಗರದಲ್ಲಿ ಈ ಕುಟುಂಬ ಮನೆ ಕೊಂಡು ಸಾಮಾನಿನೊಂದಿಗೆ ಹೋದಾಗ ನೆರೆಯವರು ಒಳಗೆ ಹೋಗಲು ಬಿಟ್ಟಿರಲಿಲ್ಲ. ಈಗ ಅದೇ ಬರ್ಕ್ಲಿಯಲ್ಲಿ ಕಲಾ ಬಗಾಯಿ ಹೆಸರಿನ ರಸ್ತೆಯಿದೆ.

(ಜಾತಿಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು, ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಅಂಥದ್ದೇ ಮಸೂದೆಯನ್ನು ಗವರ್ನರ್ ಗ್ಯಾವಿನ್ ನ್ಯೂಸಮ್ ತಡೆದರು. ಎರಡನ್ನೂ ಜೋರಾಗಿ ವಿರೋಧಿಸಿದವರಲ್ಲಿ ನಮ್ಮ ಜನರೇ ಇದ್ದರು ಎಂಬುದು ನನಗೆ ನೋವಿನ ಸಂಗತಿ.)

2017ರ ಫೆಬ್ರವರಿಯಲ್ಲಿ ಕಾನ್ಸಾಸ್‌ನ ಒಲೇತಾ ಊರಿನಲ್ಲಿ ಕೆಲಸ ಮುಗಿಸಿ ಗೆಳೆಯನೊಂದಿಗೆ ಕೂತಿದ್ದ ಭಾರತೀಯ ಎಂಜಿನಿಯರ್ ಒಬ್ಬರನ್ನು ‘ನನ್ನ ದೇಶ ಬಿಟ್ಟು ತೊಲಗು’ ಎಂದು ಕೂಗಿ ಗುಂಡಿಟ್ಟು ಕೊಂದರು. ಕೊಂದವನು ವೀಸಾ ಕೇಳಿ ನೋಡಲಿಲ್ಲ. ತಡೆಯಲು ಹೋಗಿ ತಾನೂ ಗುಂಡೇಟು ತಿಂದವರು ಒಬ್ಬ ಬಿಳಿಯ ಅಮೆರಿಕನ್. ಆ ದೇಶವನ್ನು ನೆನೆಯುವಾಗ ನನಗೆ ಇಬ್ಬರೂ ನೆನಪಾಗುತ್ತಾರೆ.

ಈಗ ನಿಮ್ಮ ಮೊಮ್ಮಗಳ ವಿಷಯ. ‘ಅಲ್ಲೇ ಹುಟ್ಟಿದ ಪ್ರಜೆ’ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಆ ಹಕ್ಕನ್ನು ಕೊಟ್ಟದ್ದು ಅಮೆರಿಕ ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿ. ಕಪ್ಪು ಜನರು ಪ್ರಜೆಗಳಾಗಲು ಸಾಧ್ಯವೇ ಇಲ್ಲ ಎಂದು 1857ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು. ಅಂತರ್ಯುದ್ಧ ಮುಗಿದ ಮೇಲೆ, 1868ರಲ್ಲಿ, ಗುಲಾಮಗಿರಿಯಿಂದ ಹೊರಬಂದವರಿಗಾಗಿ ಬಂದ ತಿದ್ದುಪಡಿ ಇದು. ವಲಸಿಗರ ಮಕ್ಕಳಿಗೂ ಅದು ಅನ್ವಯಿಸುತ್ತದೆ ಎಂದು ಗೆದ್ದುಕೊಟ್ಟವರು ವಾಂಗ್ ಕಿಮ್ ಆರ್ಕ್, ಚೀನೀ ದಂಪತಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಮಗ, ವೃತ್ತಿಯಿಂದ ಅಡುಗೆಯವರು. 1895ರಲ್ಲಿ ಚೀನಾಕ್ಕೆ ಹೋಗಿ ಮರಳಿದಾಗ ಹುಟ್ಟಿದೂರಿನ ಬಂದರಿನಲ್ಲೇ ಅವರನ್ನು ತಡೆದು, ಇಳಿಯಲು ಬಿಡದೆ, ತಿಂಗಳುಗಟ್ಟಲೆ ಹಡಗಿನಲ್ಲಿ ಇರಿಸಿದ್ದರು. 1898ರಲ್ಲಿ ಅವರು ಗೆದ್ದರು.

2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಡೊನಾಲ್ಡ್ ಟ್ರಂಪ್ ಈ ಹಕ್ಕನ್ನು ಮೊಟಕುಗೊಳಿಸುವ ಆದೇಶಕ್ಕೆ ಸಹಿ ಹಾಕಿದರು. ಅದು ಬೇಲಿ ಹಾರಿ ಬಂದವರ ಮಕ್ಕಳಿಗಷ್ಟೇ ಸೀಮಿತ ಎಂದು ನೀವು ಭಾವಿಸಿದಂತಿದೆ. ಹಾಗಿಲ್ಲ. ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆ ಪ್ರಜೆಯೂ ಅಲ್ಲದೆ ಕಾಯಂ ವಾಸದ ಪರವಾನಗಿಯಾದ ಗ್ರೀನ್ ಕಾರ್ಡ್ ಕೂಡ ಪಡೆದಿಲ್ಲವಾದರೆ, ಮುಂದೆ ಹುಟ್ಟುವ ಮಗುವಿಗೆ ಪೌರತ್ವವಿಲ್ಲ ಎನ್ನುತ್ತದೆ ಆ ಆದೇಶ. ಎಚ್‌-1ಬಿ ಎಂಬ ಉದ್ಯೋಗದ ವೀಸಾ ತಾತ್ಕಾಲಿಕವೇ. ನ್ಯಾಯಾಲಯಗಳು ಅದಕ್ಕೆ ತಡೆ ಕೊಟ್ಟವು, ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆದೇಶ ಬರೆದವರ ಕಣ್ಣಿಗಂತೂ ನಿಮ್ಮ ಮಗಳೂ ಕಾಗದವಿಲ್ಲದೆ ಗಡಿ ದಾಟಿದ ಮೆಕ್ಸಿಕೋದ ತಾಯಿಯೂ ಒಂದೇ ಸಾಲಿನಲ್ಲಿ ಕಂಡರು. ಅವರನ್ನು ಅಕ್ಕಪಕ್ಕ ನಿಲ್ಲಿಸಿದ್ದು ನಮ್ಮ ಪತ್ರಿಕೆಯಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೊಸ ಎಚ್‌-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದದ್ದೂ ತಲೆ ತಗ್ಗಿಸಿ ದುಡಿಯುವವರನ್ನು ಕುರಿತೇ.

ಕನ್ನಡ ಪತ್ರಿಕೆಗೆ ಈ ಉಸಾಬರಿ ಯಾಕೆಂದು ಕೇಳಿದಿರಿ. ನಮ್ಮ ಚಂದಾದಾರರಲ್ಲಿ ಮಕ್ಕಳು, ಮೊಮ್ಮಕ್ಕಳು ಆ ದೇಶದಲ್ಲಿರುವವರು ಎಷ್ಟೋ ಮಂದಿ. ಅಲ್ಲಿನ ಕನ್ನಡ ಕೂಟದ ಯುಗಾದಿ, ಅಲ್ಲಿನ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನದ ಸಂಭ್ರಮ ನಮಗೆ ಸುದ್ದಿಯಾಗುವುದಾದರೆ ಅದೇ ಮನೆಗಳ ಕಳವಳವೂ ಸುದ್ದಿಯೇ.

ಪತ್ರದ ಕೊನೆಯಲ್ಲಿ, ಬೇರೆ ಮಸಿಯಲ್ಲಿ ಒಂದು ಸಾಲು ಸೇರಿಸಿದ್ದೀರಿ: ಮಗಳು ಎರಡು ವರ್ಷದಿಂದ ಊರಿಗೆ ಬಂದಿಲ್ಲ, ವೀಸಾ ಮುದ್ರೆ ಸಿಗದೆ ವಾಪಸು ಹೋಗಲಾಗದಿದ್ದರೆ ಎಂಬ ಹೆದರಿಕೆ ಅವಳಿಗೆ, ಎಂದು. ಗ್ರೀನ್ ಕಾರ್ಡ್ ಸಿಕ್ಕರೆ ಆ ಹೆದರಿಕೆ ಇರುವುದಿಲ್ಲ. ಆದರೆ ಉದ್ಯೋಗದ ಗ್ರೀನ್ ಕಾರ್ಡುಗಳು ವರ್ಷಕ್ಕೆ ಸುಮಾರು 1,40,000. ಯಾವ ಒಂದು ದೇಶಕ್ಕೂ ಶೇ 7ಕ್ಕಿಂತ ಹೆಚ್ಚು ಇಲ್ಲ. ಹೀಗಾಗಿ ನಮ್ಮವರು ದಶಕಗಟ್ಟಲೆ ಕಾಯುತ್ತಾರೆ. ಆ ಕಾಯುವಿಕೆಯ ಬಗ್ಗೆ ನಿಮ್ಮ ಮಗಳು ನಮಗೆ ಬರೆದುಕೊಡುವರೇ, ಕೇಳಿ ನೋಡಿ. ಹೆಸರು ಬೇಡವೆಂದರೆ ಹಾಕುವುದಿಲ್ಲ. ಎಷ್ಟು ಪುಟವಾದರೂ ಸರಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ